ಯಾವ ಪಾಟೀಲರು?

ಧಾರವಾಡಕ್ಕೆ ಹೊಸದಾಗಿ ಬಂದವನನ್ನು ಈ ಊರು ಪ್ರಶ್ನೆಗಳಿಂದಲೇ ಬರಮಾಡಿಕೊಳ್ಳುವದು. ಮೊದಲು ಹೆಸರು ಕೇಳುವರು. ಆಮೇಲೆ ಊರು ಕೇಳುವರು. ಇವೆರಡಕ್ಕೂ ಉತ್ತರ ಸಿಕ್ಕರೂ ಕೇಳಿದವರ ಮುಖದಲ್ಲಿ ಸಮಾಧಾನ ಕಾಣದು. ತುಸು ತಗ್ಗಿದ ದನಿಯಲ್ಲಿ ‘ಅಡ್ಡಹೆಸರು ಏನ್ರಿ?’ ಎಂದು ಕೇಳಿ, ಅದು ತಿಳಿದ ಮೇಲೆಯೇ ಅವರು ಕುರ್ಚಿಗೆ ಒರಗಿ ಕೂಡ್ರುವರು. ನನ್ನಂಥವನು ‘ಪಾಟೀಲರೀ’ ಎಂದನೆನ್ನಿ, ಅಲ್ಲಿಗೂ ವಿಚಾರಣೆ ಮುಗಿಯುವದಿಲ್ಲ. ‘ಯಾವ ಪಾಟೀಲರು?’ ಎಂಬ ಇನ್ನೊಂದು ಪ್ರಶ್ನೆ ಬಂದೇ ಬರುವದು. ಈ ಕೊನೆಯ ಪ್ರಶ್ನೆಯ ಬಗೆಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಸಂಪಾದಕ ಮಂಡಳಿಯವರು ಲೇಖನ ಕೇಳಿದ್ದು ಒಂದು ನೆವವಾಯಿತು. ಹೆಸರಿನ ಬಗೆಗೆ ಆಂಗ್ಲ ಮಹಾಕವಿ ತನ್ನ ನಾಯಿಕೆಯ ಬಾಯಿಂದ ಆಡಿಸಿದ ಆ ಪ್ರಸಿದ್ಧ ಮಾತನ್ನು ನಾನು ಇಲ್ಲಿ ಎತ್ತುವದಿಲ್ಲ. ಅದನ್ನು ಪ್ರತಿ ವರ್ಷದ ಸಂಚಿಕೆಯಲ್ಲಿಯೂ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ.

ನಮ್ಮ ಬಿ.ಎ. ಕೊನೆಯ ವರ್ಷದ ಹಾಜರಿ ಪಟ್ಟಿಯಲ್ಲಿ ಏಳು ಜನ ಪಾಟೀಲರಿದ್ದೇವೆ. ಏಳು ಜನರಲ್ಲಿ ಒಬ್ಬರಿಗೊಬ್ಬರು ಯಾವ ಸಂಬಂಧವೂ ಇಲ್ಲ. ಒಬ್ಬ ರೋಣದ ಕಡೆಯವ, ಒಬ್ಬ ಬೈಲಹೊಂಗಲದವ, ಇನ್ನೊಬ್ಬ ಇಂಡಿಯಿಂದ ಬಂದವ, ಮತ್ತೊಬ್ಬ ಹಳಿಯಾಳದ ಕಾಡಂಚಿನವ. ಒಬ್ಬನ ಮನೆಯಲ್ಲಿ ಲಿಂಗಪೂಜೆ, ಒಬ್ಬನ ಮನೆಯಲ್ಲಿ ನಮಾಜು, ಒಬ್ಬನ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಹಳಿಯಾಳದವನು ಮನೆಯಲ್ಲಿ ಮರಾಠಿ ಆಡುತ್ತಾನೆ. ಆದರೂ ಹೊರಗಿನವರು ನಮ್ಮನ್ನು ಒಂದೇ ಗಿಡದ ಟೊಂಗೆಗಳೆಂದು ತಿಳಿಯುವರು. ‘ನಿಮ್ಮ ಪೈಕಿ ಒಬ್ಬರು ನಮ್ಮ ಆಫೀಸಿನಾಗ ಇದ್ದಾರ’ ಎಂದು ಪ್ರೀತಿಯಿಂದ ಹೇಳುವರು. ನಮ್ಮ ಪೈಕಿ ಎಂದರೆ ಯಾರು? ನನಗೇ ಗೊತ್ತಿಲ್ಲ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಪಾಟೀಲ ಎಂಬದು ಮನೆತನದ ಹೆಸರಲ್ಲ, ಒಂದು ಕೆಲಸದ ಹೆಸರು. ಊರಿನ ಗೌಡಿಕೆ ಮಾಡುವವ ಪಾಟೀಲ. ಊರಿನ ಲೆಕ್ಕ ಬರೆಯುವವ ಕುಲಕರ್ಣಿ. ಹಲವು ಊರು ಕೂಡಿದ ಪರಗಣೆಗೆ ದೇಸಾಯಿ, ಅದರ ಲೆಕ್ಕಕ್ಕೆ ದೇಶಪಾಂಡೆ. ಇವರೇ ಕೆಲವು ಕಡೆ ಅಚ್ಚಗನ್ನಡದಲ್ಲಿ ನಾಡಗೌಡ, ನಾಡಿಗೇರ ಎನಿಸಿಕೊಂಡರು. ಊರು ಎಷ್ಟೋ ಪಾಟೀಲರು ಅಷ್ಟು, ಎಂದರೆ ಸಾವಿರಾರು ಬೇರೆ ಬೇರೆ ಮನೆಗಳು ಮೊದಲ ದಿನದಿಂದಲೇ ಒಂದೇ ಹೆಸರು ಹೊತ್ತವು. ಗೌಡಿಕೆ ಯಾವ ಮನೆಯಲ್ಲಿತ್ತೋ ಆ ಮನೆಯ ಮತ ಯಾವದಿತ್ತೋ ಅದೇ ಆ ಊರಿನ ಪಾಟೀಲನ ಮತ. ನಿಜಾಮನ ಆಳಿಕೆಯಲ್ಲಿದ್ದ ಕಡೆಗೆ ಹೋದರೆ ಈ ಕೆಲಸವೂ ಎರಡಾಗಿ ಒಡೆದು, ಶಾಂತತೆ ಕಾಯುವವ ಪೊಲೀಸಪಾಟೀಲ, ಕಂದಾಯ ಕೂಡಿಸುವವ ಮಾಲಿಪಾಟೀಲ. ಮಾಲಿಪಾಟೀಲರ ಹಿರಿಯರು ಹೂದೋಟ ಇಟ್ಟಿದ್ದರೆಂದು ನನ್ನ ಗೆಳೆಯನೊಬ್ಬ ಬಹಳ ದಿನ ನಂಬಿದ್ದ. ಆ ‘ಮಾಲು’ ಸರಕಾರದ ಹುಟ್ಟುವಳಿ ಎಂದು ಹೇಳಿದಾಗ ಅವನಿಗೆ ತುಸು ನಿರಾಸೆಯೇ ಆಯಿತು.

ಈ ಕೆಲಸಗಳಾದರೂ ಈಗ ಎಲ್ಲಿವೆ? ಮುಂಬಯಿ ಸರಕಾರದ 1950ರ ಕಾಯದೆಯಿಂದ ಪರಗಣೆಯ ವತನಗಳೂ ಕುಲಕರ್ಣಿ ವತನಗಳೂ 1951ರ ಮೇ ತಿಂಗಳಲ್ಲಿ ರದ್ದಾದವು. ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗ್ರಾಮಾಧಿಕಾರಗಳ ರದ್ದಿಯಾತಿಯ 1961ರ ಕಾಯದೆ ಬಂದು, 1963ರಲ್ಲಿ ಜಾರಿಗೆ ಬಂತು. ವಂಶಪರಂಪರೆಯ ಗೌಡಿಕೆಯೂ ಹೋಯಿತು. ವತನ ಹೋಯಿತು, ಹೆಸರು ಉಳಿಯಿತು. ಪಾಟೀಲನೆಂದರೆ ವಾಡೆ, ಕುದುರೆ, ಕಣಜ ಎಂದು ಕಲ್ಪಿಸಿಕೊಳ್ಳುವವರಿಗೆ ನಾನು ಹೇಳುವದು ಇಷ್ಟೇ: ನಮ್ಮ ಮನೆಯಲ್ಲಿ ಉಳಿದದ್ದು ಎರಡೆಕರೆ ಎರೆಹೊಲ, ಒಂದು ಮುರುಕು ಕಟ್ಟೆ ಮತ್ತು ಈ ಮೂರಕ್ಷರ.

ಊರ ಹೆಸರನ್ನೇ ಅಡ್ಡಹೆಸರಾಗಿ ಉಳ್ಳವರ ಕಥೆ ಇನ್ನೂ ಸ್ವಾರಸ್ಯದ್ದು. ಊರಲ್ಲಿಯೇ ಇದ್ದವನಿಗೆ ಆ ಊರಿನ ಹೆಸರು ಅಂಟುವದಿಲ್ಲ. ಹಾನಗಲ್ಲಿನಲ್ಲಿ ಎಲ್ಲರೂ ಹಾನಗಲ್ಲಿನವರೇ. ಅಲ್ಲಿ ಯಾರನ್ನು ಹಾನಗಲ್ಲ ಎಂದು ಕರೆಯುವದು? ಊರು ಬಿಟ್ಟು ಬೇರೆ ಕಡೆ ಬಾಳುವೆ ಹೂಡಿದಾಗ ಅಲ್ಲಿಯ ಜನ ‘ಹಾನಗಲ್ಲದವರು’ ಎನ್ನುವರು, ಮಾಸ್ತರರು ಶಾಲೆಯ ದಾಖಲೆಯಲ್ಲಿ ಅದನ್ನೇ ಬರೆಯುವರು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಓಣಿಯಿಂದ, ಬೇರೆ ಬೇರೆ ಜಾತಿಯವರು ಹೊರಟರೂ ಎಲ್ಲರಿಗೂ ಒಂದೇ ಹೆಸರು. ಆದದ್ದರಿಂದ ಬೆಳಗಾವಿ, ಸವಣೂರ, ಬಿಜಾಪೂರ, ಹುಬ್ಬಳ್ಳಿ ಎಂಬ ಅಡ್ಡಹೆಸರುಗಳು ಹಿಂದುಗಳಲ್ಲಿಯೂ ಮುಸಲ್ಮಾನರಲ್ಲಿಯೂ ಇವೆ. ಧಾರವಾಡ ಎಂಬ ಅಡ್ಡಹೆಸರಿನವರನ್ನು ಹುಡುಕಬೇಕಾದರೆ ಧಾರವಾಡದ ಹೊರಗೆ ಹುಡುಕುವದೇ ಲೇಸು.

ಡಾ. ಎಂ. ಎಂ. ಕಲಬುರ್ಗಿ (1938–2015) ಅವರು ನಮ್ಮ ಧಾರವಾಡದಲ್ಲಿಯೇ ಬಾಳಿದವರು. ಊರು, ಮನೆ, ಮನುಷ್ಯರ ಹೆಸರುಗಳ ಅಭ್ಯಾಸ ಅವರಿಗೆ ಬಹಳ ಪ್ರಿಯವಾಗಿತ್ತು. ‘ಕನ್ನಡ ನಾಮವಿಜ್ಞಾನ’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಹೆಸರುಗಳ ಗಂಟು ಬಿಚ್ಚಿದ ಆ ವಿದ್ವಾಂಸರೇ ಕಲಬುರಗಿಯವರಲ್ಲ; ಹುಟ್ಟಿದ್ದು ವಿಜಯಪುರ ಜಿಲ್ಲೆಯ ಯರಗಲ್ಲಿನಲ್ಲಿ. ವಿ. ಕೃ. ಗೋಕಾಕರು (1909–1992) ಹುಟ್ಟಿದ್ದು ಸವಣೂರಿನಲ್ಲಿ. 1982ರ ಗೋಕಾಕ ಚಳವಳಿ ಅವರ ವರದಿಯ ಹೆಸರಿನಿಂದ ಬಂದದ್ದು. ಗೋಕಾಕದ ಜಲಪಾತಕ್ಕೂ ಆ ಚಳವಳಿಗೂ ಏನು ಸಂಬಂಧವೆಂದು ಕೇಳುವ ವಿದ್ಯಾರ್ಥಿಗಳು ನಮ್ಮ ನಡುವೆ ಇದ್ದಾರೆ. ನಗುವದು ಬೇಡ. ಹೆಸರು ಅವರನ್ನು ದಾರಿ ತಪ್ಪಿಸಿತು, ಅಷ್ಟೇ.

ಆದರೆ ಹಾನಗಲ್ಲದ ಮಾತು ಬಂದಾಗ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಗಂಗೂಬಾಯಿ ಹಾನಗಲ್ಲ (1913–2009) ಅವರು ನಮ್ಮವರೆಂದು ಹೆಮ್ಮೆ ಪಡದ ಹುಬ್ಬಳ್ಳಿಯವನಿಲ್ಲ. ಅದೇ ಕಾಲದಲ್ಲಿ ಹಿಂದೀ ಚಿತ್ರಗಳಲ್ಲಿ ಎ. ಕೆ. ಹಂಗಲ್ ಎಂಬ ವೃದ್ಧ ನಟರಿದ್ದರು. 1975ರ ‘ಶೋಲೆ’ ಚಿತ್ರದ ಕುರುಡು ಇಮಾಮ ಸಾಹೇಬರು ಅವರೇ. ಇಂಗ್ಲಿಷಿನಲ್ಲಿ ಇಬ್ಬರ ಹೆಸರನ್ನೂ ಒಂದೇ ಅಕ್ಷರಗಳಿಂದ ಬರೆಯುವರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ನಟರು ಹಾನಗಲ್ಲ ತಾಲೂಕಿನವರೆಂದೇ ಎಣಿಕೆ. ಅವರೋ ಸಿಯಾಲಕೋಟೆಯಲ್ಲಿ ಹುಟ್ಟಿ ಪೇಶಾವರದಲ್ಲಿ ಬೆಳೆದ ಕಾಶ್ಮೀರೀ ಪಂಡಿತರು. ಕಾಶ್ಮೀರದ ಒಂದು ಜಾತಿಯ ಸಾರಂಗಕ್ಕೆ ‘ಹಂಗುಲ್’ ಎನ್ನುವರು. ಅವರ ಮನೆತನದ ಹೆಸರಿಗೆ ಅದೇ ಮೂಲವೆಂದು ಹೇಳುತ್ತಾರೆ. ವರದಾ ನದಿಯ ಸೀಮೆಯ ಒಂದು ಊರು, ಹಿಮಾಲಯದ ಒಂದು ಮೃಗ: ಎರಡೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಅಕ್ಷರಗಳಲ್ಲಿ ಕೂಡಿದವು. ರಕ್ತವನ್ನು ಬಿಡಿ, ಭಾಷೆಯೂ ಬೇರೆ.

ಸಾಹಿತ್ಯದವರಿಗೆ ಈ ತೊಡಕು ಹೊಸದಲ್ಲ. ‘ಛಂದೋಂಬುಧಿ’ಯ ನಾಗವರ್ಮ, ‘ಕಾವ್ಯಾವಲೋಕನ’ದ ನಾಗವರ್ಮ ಇಬ್ಬರನ್ನೂ ಬೇರೆ ಮಾಡಿ ಒಂದನೆಯವ, ಎರಡನೆಯವ ಎಂದು ಸಂಖ್ಯೆ ಕೊಡಲು ವಿದ್ವಾಂಸರು ಪಟ್ಟ ಪಾಡು ಪರೀಕ್ಷೆಗೆ ಓದಿದವರೆಲ್ಲರಿಗೂ ಗೊತ್ತು. ನಮ್ಮ ಕಾಲದ ಪುಟ್ಟಪ್ಪನವರನ್ನು ನೋಡಿರಿ. 1957ರಲ್ಲಿ ಧಾರವಾಡದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಕುಪ್ಪಳ್ಳಿಯ ಪುಟ್ಟಪ್ಪನವರು. ಆಗ ಹುಬ್ಬಳ್ಳಿಯಲ್ಲಿ ‘ಪ್ರಪಂಚ’ ಪತ್ರಿಕೆ ನಡೆಸುತ್ತಿದ್ದವರೂ ಪುಟ್ಟಪ್ಪನವರೇ. ಒಬ್ಬರು ಕುವೆಂಪು, ಒಬ್ಬರು ಪಾಪು. ಪಾಟೀಲ ಪುಟ್ಟಪ್ಪನವರು ಅಡ್ಡಹೆಸರನ್ನು ಮುಂದೆ ತಂದು ಇಟ್ಟುಕೊಂಡವರು, ಮತ್ತು ಅವರೂ 2003ರಲ್ಲಿ ಬೆಳಗಾವಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಜೋಶಿಯವರನ್ನು ತೆಗೆದುಕೊಂಡರೆ, ನುಡಿ-ಸಂಸ್ಕೃತಿಗಳ ಸಂಶೋಧನೆ ಮಾಡಿದ ಶಂ. ಬಾ. ಜೋಶಿ, 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ. ಬಿ. ಜೋಶಿ, ಗದುಗಿನ ಸೀಮೆಯಿಂದ ಹೊರಟು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿ: ಮೂವರ ಮನೆಗಳೂ ಬೇರೆ, ದಾರಿಗಳೂ ಬೇರೆ. ಬಾಲಗಂಧರ್ವ, ಸವಾಯಿ ಗಂಧರ್ವ, ಕುಮಾರ ಗಂಧರ್ವ ಇವರನ್ನು ಅಜ್ಜ, ಮಗ, ಮೊಮ್ಮಗ ಎಂದು ತಿಳಿದ ಒಬ್ಬ ಸಜ್ಜನರನ್ನು ನಾನು ಬಲ್ಲೆ. ಅವರಿಗೆ ಅದು ಬಿರುದು, ಅಡ್ಡಹೆಸರಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಕಸಬು, ಸರಕು, ಮನೆಗಳಿಂದ ಬಂದ ಹೆಸರುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರ, ನದಾಫ ಇವೆಲ್ಲ ಊರೂರಿಗೆ ಇರಲೇಬೇಕಾದವು. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ತುಪ್ಪದ ಎಂಬವರ ಹೆಸರು ಕೂಡಿಸಿದರೆ ಒಂದು ಅಡಿಗೆಯೇ ಆದೀತು. ಊರ ಹೊರಗೆ ಹೊಸದಾಗಿ ಮನೆ ಕಟ್ಟಿದವ ಹೊಸಮನಿ. ಆ ಮನೆ ಬಿದ್ದು ಮಣ್ಣಾಗಿ ನೂರು ವರ್ಷವಾದರೂ ಅವನ ಮರಿಮಗ ಹೊಸಮನಿಯೇ.

ಅಡ್ಡಹೆಸರಿನ ಮಾತು ಹೀಗಾದರೆ, ಇಟ್ಟ ಹೆಸರಿನ ಮಾತೂ ಅಷ್ಟೇ. ಹರಕೆ ಹೊತ್ತ ದೇವರ ಹೆಸರು ಇಡುವದು ನಮ್ಮ ಹಳ್ಳಿಗಳ ವಾಡಿಕೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಯಲ್ಲಿ ಎಲ್ಲಪ್ಪ, ಎಲ್ಲವ್ವ. ಶಿರಹಟ್ಟಿಗೆ ಹೋಗುವವರಲ್ಲಿ ಫಕೀರಪ್ಪ. ಉಳವಿಯ ಜಾತ್ರೆಗೆ ಚಕ್ಕಡಿ ಹೂಡುವವರಲ್ಲಿ ಚನ್ನಬಸಪ್ಪ. ಹುಬ್ಬಳ್ಳಿಯ ಆರೂಢರ ಭಕ್ತರಲ್ಲಿ ಸಿದ್ಧಪ್ಪ. ಬಸವರಾಜರ ಎಣಿಕೆಯನ್ನಂತೂ ಯಾರೂ ಮಾಡಲಾರರು. ಹಳ್ಳಿಯಲ್ಲಿ ಇದರಿಂದ ತೊಂದರೆಯಾಗುತ್ತಿರಲಿಲ್ಲ. ಕರೇ ಬಸ್ಯಾ, ಕೆಂಪು ಬಸ್ಯಾ, ಬಾವಿಕಟ್ಟಿ ಬಸ್ಯಾ, ಮುಂಬಯಿಗೆ ಹೋಗಿ ಬಂದ ಬಸ್ಯಾ ಎಂದು ಊರೇ ಅವರನ್ನು ಬೇರೆ ಬೇರೆ ಮಾಡಿ ಇಟ್ಟಿತ್ತು. ವೇಲ್ಸ್ ದೇಶದಲ್ಲಿಯೂ ಜೋನ್ಸರು ಬಹಳವಾಗಿ, ಹಾಲು ಹಾಕುವ ಜೋನ್ಸನನ್ನು ‘ಹಾಲಿನ ಜೋನ್ಸ್’ ಎಂದೇ ಕರೆಯುತ್ತಿದ್ದರಂತೆ. ಊರು ಊರೇ.

ತೊಂದರೆ ಹುಟ್ಟುವದು ಕಾಗದದ ಮೇಲೆ. ಮುಂಬಯಿ ಪ್ರಾಂತದ ಕಾಲದಿಂದ ನಮ್ಮಲ್ಲಿ ಹೆಸರು ಬರೆಯುವ ರೀತಿ ಗೊತ್ತೇ ಇದೆ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮೂರು ಮಾತು ಕೂಡಿದರೆ ಮನುಷ್ಯನು ಸಿಕ್ಕೇ ಸಿಗುವನೆಂದು ಕಚೇರಿಗಳ ನಂಬಿಕೆ. ಆದರೆ ತಂದೆ-ಮಗ ಇಬ್ಬರೂ ದೇವರ ಹೆಸರಿನವರೇ ಆದಾಗ ಮೂರೂ ಕೂಡಿ ಬರುವದು ದೊಡ್ಡ ಮಾತೇನಲ್ಲ. ಅದರ ಮೇಲೆ ಜನ್ಮದಿನ. ನಮ್ಮ ಅಜ್ಜ, ತಂದೆಗಳ ಕಾಲದಲ್ಲಿ ಹುಟ್ಟಿದ ದಿನ ಬರೆದಿಟ್ಟವರಾರು? ಮಗು ಹುಟ್ಟಿದ್ದು ‘ದೊಡ್ಡ ಮಳಿ ಆದ ವರ್ಷ, ಜ್ವಾಳಾ ಕೊಯ್ಯೂಮುಂದ’. ಶಾಲೆಗೆ ಸೇರಿಸುವಾಗ ಮಾಸ್ತರರು ಹುಡುಗನ ಮುಖ ನೋಡಿ ವರ್ಷ ಅಂದಾಜು ಮಾಡಿ, ತಿಂಗಳು ತಾರೀಖಿಗೆ ಜೂನ್ 1 ಎಂದು ಬರೆದರು. ಶಾಲೆ ಆರಂಭವಾಗುವ ಕಾಲ. ವಯಸ್ಸಿನ ಲೆಕ್ಕಕ್ಕೂ ಸರಳ. ಕರ್ನಾಟಕದ ಹಳ್ಳಿಗಳ ಒಂದು ಇಡೀ ತಲೆಮಾರು ಜೂನ್ ತಿಂಗಳ ಮೊದಲ ದಿನವೇ ಹುಟ್ಟಿಬಿಟ್ಟಿದೆ!

ಇದರ ಫಲವನ್ನು ನಮ್ಮ ಅಜ್ಜ ಉಂಡರು. ಅವರಿಗೆ ತಿಂಗಳಿಗೊಮ್ಮೆ ವೃದ್ಧಾಪ್ಯ ವೇತನ ಬರುತ್ತಿತ್ತು. ಏಳೆಂಟು ವರ್ಷಗಳ ಹಿಂದೆ ಅದು ಇದ್ದಕ್ಕಿದ್ದಂತೆ ನಿಂತಿತು. ಎರಡು ತಿಂಗಳು ಹಾದಿ ಕಾಯ್ದು, ಸಂಬಂಧಪಟ್ಟ ಕಚೇರಿಗೆ ಹೋಗಿ ವಿಚಾರಿಸಿದರೆ ಅಲ್ಲಿಯ ಗುಮಾಸ್ತರು ಕಾಗದ ತಿರುವಿ ನೋಡಿ, ‘ಯಜಮಾನರು ತೀರಿಕೊಂಡಾರಲ್ಲ’ ಎಂದರು. ಅಜ್ಜ ಅವರ ಎದುರಿಗೇ ನಿಂತಿದ್ದರು. ತೀರಿಕೊಂಡವರು ಪಕ್ಕದ ಊರಿನ ಇನ್ನೊಬ್ಬರು. ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಒಂದೇ. ಜನ್ಮದಿನ ಎಂದಿನಂತೆ ಜೂನ್ 1. ಅಜ್ಜ ಹೇಳಿದರು: ‘ಸತ್ತಾಂವ ಅಂವರೀ, ನಾ ಅಲ್ಲ. ಅಂವನ ಮಣ್ಣಿಗೂ ಹೋಗಿ ಬಂದೇನಿ. ಒಂದ ಹೆಸರು ಅಂತ ಸಂತ್ಯಾಗ ಕೂಡಿದಾಗೆಲ್ಲ ಇಬ್ಬರೂ ಚಾ ಕುಡೀತಿದ್ವಿ.’ ಗುಮಾಸ್ತರಿಗೆ ಸಂಕಟವಾದದ್ದು ಕಾಣುತ್ತಿತ್ತು. ಆದರೆ ಪಟ್ಟಿಯಲ್ಲಿ ಸತ್ತವನನ್ನು ಎಬ್ಬಿಸುವ ಅಧಿಕಾರ ಅವರ ಮೇಜಿಗೆ ಇರಲಿಲ್ಲವಂತೆ. ಅರ್ಜಿ, ಪಂಚನಾಮೆ, ಬದುಕಿದ್ದಾರೆಂಬ ಪ್ರಮಾಣಪತ್ರ, ಮತ್ತೊಂದು ಅರ್ಜಿ ಎಂದು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಅಜ್ಜ ತಮ್ಮ ರಕ್ತದೊತ್ತಡದ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರೆಂಬದು ನಮಗೆ ಆಮೇಲೆ ತಿಳಿಯಿತು. ಕೇಳಿದರೆ ‘ಸತ್ತಾಂವಗ ಗುಳಿಗಿ ಯಾಕ?’ ಎಂದು ನಕ್ಕರು.

ಕಡೆಗೆ ಆಧಾರ ಸಂಖ್ಯೆ ಜೋಡಿಸಿದ ಮೇಲೆ ಆ ತೊಡಕು ಮತ್ತೆ ಬರಲಿಲ್ಲ. ಮನುಷ್ಯನಿಗೆ ಸಂಖ್ಯೆ ಕೊಡುವದೇ ಅನ್ಯಾಯವೆಂದು ಭಾವುಕರಾಗಿ ಬರೆಯುವವರ ಪಂಕ್ತಿಗೆ ನಾನು ಸೇರುವದಿಲ್ಲ. ಹನ್ನೆರಡು ಅಂಕಿಗಳು ನಮ್ಮ ಅಜ್ಜನನ್ನು ಬದುಕಿಸಿದವು. ನನ್ನ ಆಕ್ಷೇಪ ಬೇರೆ. ಸಂಖ್ಯೆ ಬರುವ ಮೊದಲೂ ಆ ಇಬ್ಬರನ್ನು ಬೇರೆ ಮಾಡುವ ಎರಡು ಸಾಧನಗಳು ಸುಲಭವಾಗಿ ಕೈಯಲ್ಲಿಯೇ ಇದ್ದವು: ಊರಿನ ಹೆಸರು ಮತ್ತು ತಾಯಿಯ ಹೆಸರು. ತಂದೆ-ಮಗ-ಅಡ್ಡಹೆಸರು ಮೂರೂ ಕೂಡಿಬಂದ ಇಬ್ಬರಿಗೆ ತಾಯಿಯ ಹೆಸರೂ ಒಂದೇ ಆಗುವದು ಬಹಳ ಅಪರೂಪ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಾಯಿಯ ಹೆಸರೂ ಅಚ್ಚಾಗುವದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದು ಅಲ್ಲಿಯೇ ಉಳಿಯುವದು; ಮುಂದಿನ ಎಷ್ಟೋ ಪಟ್ಟಿಗಳಲ್ಲಿ ಮತ್ತೆ ತಂದೆಯೊಬ್ಬನೇ. ಅಂಬಿಕಾತನಯದತ್ತನೆಂದು ತಾಯಿಯ ಹೆಸರನ್ನು ಮುಂದೆ ಮಾಡಿ ಕಾವ್ಯ ಬರೆದ ಕವಿ ಸಾಧನಕೇರಿಯಲ್ಲಿ ಬಾಳಿದ ಊರು ಇದು. ಅರ್ಜಿಯ ನಮೂನೆಯಲ್ಲಿ ಒಂದು ಸಾಲು ಹೆಚ್ಚಿಸುವದಕ್ಕೆ ನಮಗೆ ಕಷ್ಟವೇಕೆ?

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ತಿರುಗುಮುರುಗು. ಸಂಬಂಧವಿಲ್ಲದ ಇಬ್ಬರಿಗೆ ಒಂದು ಹೆಸರಾದರೆ ನಮಗೆ ತೊಡಕು. ಒಬ್ಬಳಿಗೇ ಎರಡು ಹೆಸರಾಗುವದು ಅವರ ತೊಡಕು. ನಮ್ಮ ಕಡೆಗೆ ಲಗ್ನವಾದೊಡನೆ ನಡುವಿನ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುವದು, ಅಡ್ಡಹೆಸರೂ ಬದಲಾಗುವದು. ಕೆಲವು ಮನೆಗಳಲ್ಲಿ ಇಟ್ಟ ಹೆಸರನ್ನೂ ಬಿಡುವದಿಲ್ಲ. ನನ್ನ ಸೋದರತ್ತೆಯ ಮಗಳು ಎಂ.ಎ. ಪದವಿ ಪಡೆದದ್ದು ತವರಿನ ಹೆಸರಿನಲ್ಲಿ, ಗುರುತಿನ ಚೀಟಿ ಗಂಡನ ಮನೆಯ ಹೆಸರಿನಲ್ಲಿ. ಕೆಲಸದ ಸಂದರ್ಶನಕ್ಕೆ ಹೋದಾಗ ‘ಈ ಪದವಿ ನಿಮ್ಮದೇ ಎಂಬುದಕ್ಕೆ ಆಧಾರವೇನು?’ ಎಂದು ಕೇಳಿದರು. ಛಾಪಾ ಕಾಗದದ ಮೇಲೆ ಪ್ರತಿಜ್ಞಾಪತ್ರ ಬರೆದು ತರುವಷ್ಟರಲ್ಲಿ ಆ ಸ್ಥಾನ ಬೇರೆಯವರ ಪಾಲಾಗಿತ್ತು. ಗಂಗೂಬಾಯಿಯವರು ಕೌಲಗಿಯವರನ್ನು ಮದುವೆಯಾದರೂ ಹಾನಗಲ್ಲ ಎಂಬ ಹೆಸರಿನಲ್ಲಿಯೇ ಲೋಕಪ್ರಸಿದ್ಧರಾದರು. ಅವರ ಮಗಳು ಕೃಷ್ಣಾ ಅವರೂ ಹಾನಗಲ್ಲ ಎಂದೇ ಹಾಡಿದರು. ನಮ್ಮ ತರಗತಿಯ ಸಹೋದರಿಯರು ಈ ಮಾತನ್ನು ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ವಿಚಾರ ಮಾಡಲಿ ಎಂಬದು ನನ್ನ ಬಿನ್ನಹ.

ಇನ್ನು ಆ ‘ಯಾವ ಪಾಟೀಲರು?’ ಎಂಬ ಪ್ರಶ್ನೆ. ಅದು ಕುತೂಹಲದ ಪ್ರಶ್ನೆಯಲ್ಲವೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಪಾಟೀಲ ಎಂಬದರಿಂದ ಜಾತಿ ತಿಳಿಯಲಿಲ್ಲ, ಅದಕ್ಕೇ ಎರಡನೆಯ ಬಲೆ. ಈ ಅವಳಿ ನಗರದಲ್ಲಿ ಓದಲು ಬರುವ ಸಾವಿರಾರು ಹುಡುಗರಿಗೆ ಬಾಡಿಗೆ ಕೋಣೆ ಬೇಕು. ನನ್ನ ಇಬ್ಬರು ಸಹಪಾಠಿಗಳಿಗೆ ಒಂದೇ ಊರಿನ ಅಡ್ಡಹೆಸರಿದೆ. ಒಬ್ಬ ಹಿಂದು, ಒಬ್ಬ ಮುಸಲ್ಮಾನ. ಇಬ್ಬರೂ ಒಂದೇ ಮನೆಯ ಮಾಲೀಕರಿಗೆ ಬೇರೆ ಬೇರೆ ದಿನ ಫೋನು ಮಾಡಿದರು. ಮೊದಲನೆಯವ ಅಡ್ಡಹೆಸರು ಹೇಳಿದಾಗ ‘ಬರ್ರಿ, ಕೋಲಿ ನೋಡ್ರಿ’ ಎಂಬ ಉತ್ತರ. ಎರಡನೆಯವನಿಗೂ ಅದೇ ಉತ್ತರವೇ ಸಿಕ್ಕಿತ್ತು. ಮನೆಗೆ ಹೋಗಿ ಇಟ್ಟ ಹೆಸರು ಹೇಳಿದ ಕೂಡಲೇ ಕೋಣೆ ‘ನಿನ್ನೆನೇ ಕೊಟ್ಟೇವಿ’ ಆಯಿತು. ವಾರದ ಮೇಲೂ ಆ ಮನೆಯ ಬಾಗಿಲಿಗೆ ‘ಕೋಣೆ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುತ್ತಿತ್ತು. ಅಡ್ಡಹೆಸರೇ ಮನುಷ್ಯನ ಒಳಗುಟ್ಟು ಹೇಳುವದೆಂದು ನಂಬಿದವರಿಗೆ ಆ ಅಡ್ಡಹೆಸರೇ ಒಂದು ಗಳಿಗೆ ಮೋಸ ಮಾಡಿತು. ಅದರಿಂದ ಅವರು ಕಲಿತದ್ದೇನು? ಮುಂದಿನ ಸಲ ಫೋನಿನಲ್ಲಿಯೇ ಪೂರ್ತಿ ಹೆಸರು ಕೇಳಬೇಕೆಂಬದು.

ಇದಕ್ಕೆ ಉತ್ತರವಾಗಿ ಅಡ್ಡಹೆಸರನ್ನೇ ಕಿತ್ತೊಗೆಯಿರಿ ಎನ್ನುವ ಗೆಳೆಯರಿದ್ದಾರೆ. ಹಿರಿಯರಿಗೆ ಅವಮಾನದ ಗುರುತಾಗಿ ಅಂಟಿಸಿದ ಹೆಸರನ್ನು ಮಕ್ಕಳು ಬಿಡುವದು ಸರ್ವಥಾ ಯೋಗ್ಯ. ಅದಕ್ಕೆ ಬೇರೆಯವರ ಅಪ್ಪಣೆ ಬೇಡ. ಆದರೆ ಎಲ್ಲರೂ ಬಿಡಬೇಕೆಂಬದನ್ನು ನಾನು ಒಪ್ಪಲಾರೆ. ಬಿಟ್ಟವರ ಪಾಡು ನೋಡಿದ್ದೇನೆ: ನಮ್ಮಲ್ಲಿ ‘ಬಸವರಾಜ ಎಸ್.’ ಎಂಬವರು ಮೂವರಾದರು, ಗ್ರಂಥಾಲಯದ ದಂಡ ಒಬ್ಬರದು ಒಬ್ಬರಿಗೆ ಬೀಳತೊಡಗಿತು. ಮೇಲಾಗಿ ಜಾತಿ ತಿಳಿಯಲೇಬೇಕೆಂದವರು ಅಡ್ಡಹೆಸರಿಲ್ಲದಿದ್ದರೆ ಊಟದ ಮಾತೆತ್ತಿ ತಿಳಿದುಕೊಳ್ಳುವರು.

ನಮ್ಮ ಪ್ರಾಧ್ಯಾಪಕರೊಬ್ಬರು ಇನ್ನೊಂದು ಬದಿಯ ಮಾತು ಹೇಳಿದರು. ಪುಣೆಯಲ್ಲಿಯೋ ಮುಂಬಯಿಯಲ್ಲಿಯೋ ಗುರುತಿಲ್ಲದ ಹುಡುಗನಿಗೆ ಅದೇ ಅಡ್ಡಹೆಸರಿನ ಯಾರೋ ಒಬ್ಬರು ಊಟ ಹಾಕಿ ಕೆಲಸ ಕೊಡಿಸಿದ ಉದಾಹರಣೆಗಳುಂಟು, ಈ ಸುಳ್ಳು ಬಳಗದಿಂದ ಒಳಿತೂ ಆಗಿದೆ ಎಂದು. ಇದು ನಿಜ. ಊಟ ಹಾಕಿದವರನ್ನು ನಾನು ಹಳಿಯುವದಿಲ್ಲ. ಆದರೆ ಅದೇ ಬಾಗಿಲಿಗೆ ಮರುದಿನ ಬಂದ ಬೇರೆ ಅಡ್ಡಹೆಸರಿನ ಹುಡುಗನಿಗೆ ಏನು ಸಿಕ್ಕಿತು ಎಂದು ಯಾರೂ ಬರೆದಿಟ್ಟಿಲ್ಲ. ಮೇಲಾಗಿ ಬಳಗವೆಂಬದು ಅಡ್ಡಹೆಸರಿನಲ್ಲಿ ಇಲ್ಲವೆಂಬದು ನಮ್ಮ ಹಿರಿಯರಿಗೇ ಗೊತ್ತಿತ್ತು. ಲಗ್ನದ ಮಾತುಕತೆಯಲ್ಲಿ ಅವರು ಕೇಳುವದು ಬೆಡಗು, ಗೋತ್ರ, ಮನೆದೇವರು. ಪಾಟೀಲರ ಹುಡುಗಿ ಪಾಟೀಲರ ಮನೆ ತುಂಬುವದು ದಿನನಿತ್ಯದ ಸಂಗತಿ. ದಕ್ಷಿಣ ಕೊರಿಯಾದಲ್ಲಿ ಸುಮಾರು ಐದರಲ್ಲೊಬ್ಬನ ಅಡ್ಡಹೆಸರು ಕಿಮ್. ಅಲ್ಲಿಯೂ ಒಂದೇ ಅಡ್ಡಹೆಸರು ಮತ್ತು ಒಂದೇ ಮೂಲ ಊರು ಇದ್ದವರು ಮದುವೆಯಾಗಬಾರದೆಂಬ ಕಾನೂನಿತ್ತು. ಯಾವ ಕಾಲದಲ್ಲೋ ಇದ್ದ ಮೂಲಪುರುಷನ ನೆವದಿಂದ ಪ್ರೇಮಿಸಿದವರು ಲಗ್ನವಿಲ್ಲದೆ ಕೊರಗಿದರು. ಅಲ್ಲಿಯ ಸಂವಿಧಾನ ನ್ಯಾಯಾಲಯ 1997ರಲ್ಲಿ ಅದನ್ನು ಸಂವಿಧಾನಕ್ಕೆ ಒಪ್ಪದ್ದೆಂದು ಹೇಳಿತು. ನಾವು ಲಗ್ನದಲ್ಲಿ ತೋರಿಸುವ ವಿವೇಕವನ್ನು ಕೋಣೆ ಕೊಡುವಾಗಲೂ ತೋರಿಸಬಹುದಲ್ಲ!

ಹೆಸರಿನ ಹೋಲಿಕೆಯನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. 2004ರಲ್ಲಿ ಕೇರಳದ ಆಲಪ್ಪುಳದಲ್ಲಿ ವಿ. ಎಂ. ಸುಧೀರನ್ ಅವರು ಲೋಕಸಭೆಯ ಚುನಾವಣೆಯಲ್ಲಿ ಸೋತದ್ದು 1,009 ಮತಗಳಿಂದ. ಅದೇ ಕಣದಲ್ಲಿದ್ದ ವಿ. ಎಸ್. ಸುಧೀರನ್ ಎಂಬ ಇನ್ನೊಬ್ಬರು ಎಂಟು ಸಾವಿರಕ್ಕೂ ಮಿಕ್ಕಿ ಮತ ಪಡೆದಿದ್ದರು. ನಮ್ಮ ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅವರ ಎದುರಿಗೆ ಇನ್ನೂ ಮೂವರು ಸುಮಲತೆಯರು ನಿಂತರು. ಅಲ್ಲಿಯ ಜನ ಮೋಸಹೋಗಲಿಲ್ಲ. 2015ರ ಮೇ ತಿಂಗಳಿಂದ ಮತಯಂತ್ರದ ಪಟ್ಟಿಯಲ್ಲಿ ಉಮೇದುವಾರರ ಭಾವಚಿತ್ರ ಹಾಕತೊಡಗಿದ್ದು ಈ ಗೊಂದಲ ತಪ್ಪಿಸಲೆಂದೇ. ಒಂದೇ ಹೆಸರಿನವರನ್ನು ಕಣದಿಂದ ತಡೆಯಬೇಕೆಂದು 2024ರಲ್ಲಿ ಸುಪ್ರೀಮ್ ಕೋರ್ಟಿಗೆ ಅರ್ಜಿ ಹೋದಾಗ, ತಂದೆ-ತಾಯಿ ಇಟ್ಟ ಹೆಸರಿನ ನೆವದಿಂದ ಯಾರ ಹಕ್ಕನ್ನೂ ಕಸಿಯಲಾಗದು ಎಂಬ ಅರ್ಥದ ಮಾತು ಹೇಳಿ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸರಿಯಾದ ಮಾತೆಂದು ನನ್ನ ಮತ. ಬೇಕಾದದ್ದು ಮುಖ ನೋಡುವ ಏರ್ಪಾಡು, ಹೆಸರು ಕಸಿಯುವದಲ್ಲ. ನಮ್ಮ ಅಜ್ಜನ ಮುಖವನ್ನು ಆ ಗುಮಾಸ್ತರು ನೋಡಿಯೇ ನೋಡಿದ್ದರು; ನೋಡಿದ್ದನ್ನು ಬರೆದುಕೊಳ್ಳಲು ಅವರ ಪಟ್ಟಿಯಲ್ಲಿ ಜಾಗವಿರಲಿಲ್ಲ.

ನಮ್ಮ ಕಾಲೇಜಿನ ಮಟ್ಟಿಗೆ ಹೇಳುವದಾದರೆ, ಮುಂದಿನ ವರ್ಷದ ಹಾಜರಿ ಪಟ್ಟಿಯಲ್ಲಿಯೂ ಶಿಷ್ಯವೇತನದ ಯಾದಿಯಲ್ಲಿಯೂ ಹೆಸರಿನ ಮುಂದೆ ಊರು ಮತ್ತು ತಾಯಿಯ ಹೆಸರನ್ನು ಬರೆಯಲು ಪ್ರಾಚಾರ್ಯರು ಅಪ್ಪಣೆ ಕೊಡಿಸಬೇಕು. ‘ಪಾಟೀಲ ಒಂದು, ಪಾಟೀಲ ಎರಡು’ ಎಂದು ಕರೆಯುವದು ನಿಲ್ಲಬೇಕು. ನಾನು ಐದನೆಯವ, ಅದು ನನಗೇನೂ ಹಿತವಲ್ಲ. ಕೋಣೆ ಹುಡುಕುವ ಹೊಸ ಹುಡುಗರಿಗೆ ನೆರವಾಗಲು ವಿದ್ಯಾರ್ಥಿ ಸಂಘದವರು ಮನೆಗಳ ಒಂದು ಯಾದಿ ಇಡಬೇಕು. ಅಡ್ಡಹೆಸರು ಕೇಳಿ ಕೋಣೆ ಕೊಡುವವರ ಮನೆ ಆ ಯಾದಿಯಲ್ಲಿ ಇರಕೂಡದು. ಇದಕ್ಕೆ ಖರ್ಚೇನೂ ಬರುವದಿಲ್ಲ.

ಸಂಪಾದಕರಲ್ಲಿಯೂ ಒಂದು ವಿನಂತಿ. ಈ ಲೇಖನದ ಕೆಳಗೆ ನನ್ನ ಹೆಸರಿನ ಜೊತೆಗೆ ವರ್ಗ, ಊರು ಎರಡನ್ನೂ ತಪ್ಪದೆ ಅಚ್ಚು ಮಾಡಿಸಬೇಕು. ಇದೇ ಹೆಸರಿನ ಇನ್ನೊಬ್ಬರು ಎರಡನೆಯ ವರ್ಷದಲ್ಲಿದ್ದಾರೆ. ಅವರು ಕಬಡ್ಡಿ ಆಡುವವರು, ಸಪ್ತಾಪುರದಲ್ಲಿ ಒಳ್ಳೆಯ ಕೋಣೆ ಹಿಡಿದಿದ್ದಾರೆ, ಮಾಲೀಕರ ಜೊತೆ ಪ್ರೀತಿಯಿಂದ ಇದ್ದಾರೆ. ನಾನು ಬರೆದದ್ದಕ್ಕೆ ಅವರು ಗಂಟುಮೂಟೆ ಕಟ್ಟುವದು ಬೇಡ.